ಠರಾವು ಆಯ್ತು, ದಾರಿ ಎಲ್ಲಿ?

ರಾಜರ ಇತಿಹಾಸ ಬರೆದವರಿದ್ದಾರೆ, ಕೋಟೆಗಳ ಇತಿಹಾಸ ಬರೆದವರಿದ್ದಾರೆ. ಗೋಳಗುಮ್ಮಟದ ಅಳತೆಯನ್ನು ನಮ್ಮ ಶಾಲೆಯ ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ. ಹೊಲಗೇರಿಯಿಂದ ಅಗಸಿಗೆ ಬರುವ ದಾರಿ ಎಷ್ಟು ಅಗಲ, ಅದನ್ನು ಯಾರು ಮುಚ್ಚಿದರು, ಯಾರು ತೆರೆದರು ಎಂಬುದನ್ನು ಮಾತ್ರ ಯಾರೂ ಬರೆಯಲಿಲ್ಲ. ಚಡಚಣ ಅಂದರೆ ಸಿಂಪಿ ಲಿಂಗಣ್ಣನವರ ಊರು, ಹಲಸಂಗಿ ಅಂದರೆ ಮಧುರಚೆನ್ನರ ಊರು, 1931ರ 'ಗರತಿಯ ಹಾಡು' ಈ ನೆಲದ್ದು ಅಂತ ನಾವು ಹೆಮ್ಮೆಪಡುತ್ತೇವೆ. ಪಡೋಣ. ಆದರೆ ಹಾಡಿದ ಅವ್ವಗಳು ಮುಪ್ಪಾದ ಮೇಲೆ ಹೊಸ್ತಿಲು ದಾಟಿ ಓಣಿಗೆ ಬರಲು ಆಗುತ್ತಿತ್ತೇ ಎಂಬುದನ್ನೂ ಇತಿಹಾಸ ಕೇಳಬೇಕು.

"ಕಾಲು ಇದ್ದಾಂವ ನಡೀತಾನ, ಇಲ್ಲದಾಂವ ಕೂಡ್ತಾನ, ಇದರಾಗ ಇತಿಹಾಸ ಏನೈತ್ರಿ?" ಅನ್ನುವವರಿದ್ದಾರೆ. ಐತಿ. ಯಾರು ಎಲ್ಲಿಯವರೆಗೆ ನಡೆಯಬೇಕು, ಯಾವ ಮೆಟ್ಟಿಲ ಕೆಳಗೆ ನಿಲ್ಲಬೇಕು ಎಂಬುದನ್ನು ಈ ನಾಡಿನಲ್ಲಿ ಮೊದಲು ಜಾತಿ ನಿರ್ಧರಿಸಿತು. ಜಾತಿ ಹೇರಿದ್ದನ್ನು ಕಾಯ್ದೆ ರದ್ದು ಮಾಡಿದ ಮೇಲೂ ಕಚೇರಿ ಅದನ್ನು ಫೈಲಿನಲ್ಲಿ ಜೀವಂತ ಉಳಿಸಿಕೊಂಡು ಬಂತು. ಠರಾವಿಗೂ ದಾರಿಗೂ ನಡುವೆ ಉಳಿದ ಈ ಅಂತರವೇ ನಮ್ಮ ನೂರು ವರ್ಷದ ಕಥೆ.

1956ರವರೆಗೆ ಚಡಚಣ ಮುಂಬಯಿ ಸರ್ಕಾರದ ಕೆಳಗಿತ್ತು. ವಿಜಾಪುರ ಜಿಲ್ಲೆ, ಇಂಡಿ ತಾಲ್ಲೂಕು. ಊರಲ್ಲಿ ಗೌಡ, ಕುಲಕರ್ಣಿ, ಮೇಲೆ ಮಾಮಲೇದಾರ. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ವತನದ ವ್ಯವಸ್ಥೆಯನ್ನು ಕಾಗದದ ಮೇಲೆ ಗಟ್ಟಿ ಮಾಡಿತು. ಅದರ ತಳದಲ್ಲಿ ಇದ್ದವರು ಹೊಲೆಯರು, ಮಹಾರರು. ಸರ್ಕಾರಿ ಟಪಾಲು ಹೊತ್ತು ಊರಿಂದ ಊರಿಗೆ ನಡೆಯುವುದು, ಬಂದ ಅಧಿಕಾರಿಗೆ ದಾರಿ ತೋರಿಸುವುದು, ಗಡಿಕಲ್ಲು ಕಾಯುವುದು ಅವರ ಪಾಲಿನ ಚಾಕರಿ. ಊರಿನ ಎಲ್ಲ ದಾರಿ ಬಲ್ಲವರು ಅವರೇ. ಊರೊಳಗಿನ ದಾರಿಯಲ್ಲಿ ಕೆರ ಮೆಟ್ಟಿ ನಡೆಯಲು ಹಕ್ಕಿಲ್ಲದವರೂ ಅವರೇ. ಚಾವಡಿಗೆ ಟಪಾಲು ತಂದವರು ಚಾವಡಿಯ ಮೆಟ್ಟಿಲ ಕೆಳಗೇ ನಿಲ್ಲಬೇಕು. ಈ ಜೀತವನ್ನು ಪ್ರಶ್ನಿಸಿ ಬಾಬಾಸಾಹೇಬರು 1928ರ ಮಾರ್ಚ್ 19ರಂದು ಮುಂಬಯಿ ಕೌನ್ಸಿಲ್ಲಿನಲ್ಲಿ ಮಸೂದೆ ಮಂಡಿಸಿದರು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ.

ಇನ್ನು ಕೆಲವರಿಗೆ ನಡೆಯುವುದೇ ಅಪರಾಧವಾಗಿತ್ತು. ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಡಿ ಬ್ರಿಟಿಷರು ಅಲೆಮಾರಿ ಜನರನ್ನು ಹುಟ್ಟು ಕಳ್ಳರೆಂದು ದಾಖಲು ಮಾಡಿ ವಿಜಾಪುರ, ಸೊಲ್ಲಾಪುರಗಳ ಸೆಟ್ಲಮೆಂಟುಗಳಲ್ಲಿ ಇಟ್ಟರು. ಅಲ್ಲಿ ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸು ಬೇಕು. ಆ ಕಾಯ್ದೆ ದೇಶದಲ್ಲಿ ಪೂರ್ತಿ ರದ್ದಾದದ್ದು 1952ರ ಆಗಸ್ಟ್ 31ರಂದು. ನಡೆಯಲು ಸಾಹೇಬರ ರುಜು ಬೇಕಾದ ಕಾಲ ನಮ್ಮ ಅಜ್ಜಂದಿರ ಕಾಲವೇ.

ಈಗ ಠರಾವಿನ ಮಾತಿಗೆ ಬರೋಣ. 1923ರ ಆಗಸ್ಟ್ 4ರಂದು ಎಸ್. ಕೆ. ಬೋಲೆಯವರು ಮಂಡಿಸಿದ ಠರಾವನ್ನು ಮುಂಬಯಿ ಕೌನ್ಸಿಲ್ಲು ಪಾಸು ಮಾಡಿತು. ಸಾರ್ವಜನಿಕ ಹಣದ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕೋರ್ಟು, ದವಾಖಾನೆ ಎಲ್ಲವೂ ಅಸ್ಪೃಶ್ಯರಿಗೆ ತೆರೆದಿರಬೇಕು ಎಂದಿತು. ಪಟ್ಟಿಯಲ್ಲಿ 'ಕಚೇರಿ' ಕೂಡ ಇತ್ತು. ಇಂಡಿ ತಾಲ್ಲೂಕಿನ ಚಾವಡಿಗೂ ಮಾಮಲೇದಾರ ಕಚೇರಿಗೂ ಅದು ಅನ್ವಯ. ಆಮೇಲೆ ಏನಾಯಿತು? 1926ರಲ್ಲಿ, ಪಾಲಿಸದ ಮುನಸಿಪಾಲಿಟಿಗಳಿಗೆ ಅನುದಾನ ಕೊಡಬೇಡಿ ಅಂತ ಇನ್ನೊಂದು ಠರಾವು ಮಾಡಬೇಕಾಯಿತು. ಮಹಾಡದ ಮುನಸಿಪಾಲಿಟಿ 1924ರಲ್ಲಿ ಕೆರೆ ತೆರೆದಿದೆ ಎಂದು ಠರಾವು ಬರೆಯಿತು. ಒಬ್ಬ ಅಸ್ಪೃಶ್ಯನೂ ನೀರು ಮುಟ್ಟಲು ಆಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರ ಜೊತೆ ಸಾವಿರಾರು ಜನ ನಡೆದುಹೋಗಿ ನೀರು ಕುಡಿದರು. ಆಗಸ್ಟಿನಲ್ಲಿ ಅದೇ ಮುನಸಿಪಾಲಿಟಿ ತನ್ನ ಠರಾವನ್ನೇ ವಾಪಸು ಪಡೆಯಿತು! ಹೈಕೋರ್ಟು ನಮ್ಮ ಹಕ್ಕನ್ನು ಎತ್ತಿಹಿಡಿದದ್ದು 1937ರ ಮಾರ್ಚ್ 17ರಂದು. ಬೋಲೆ ಠರಾವಿನಿಂದ ಲೆಕ್ಕ ಹಾಕಿದರೆ ಹದಿನಾಲ್ಕು ವರ್ಷ ಹತ್ತಿರ.

ಇದೇ ಹೊತ್ತಿಗೆ ತಿರುವಾಂಕೂರಿನ ವೈಕಂನಲ್ಲಿ ಗುಡಿಯ ಸುತ್ತಲಿನ ರಸ್ತೆಗಳಲ್ಲಿ ನಡೆಯುವುದಕ್ಕಾಗಿಯೇ 1924ರಿಂದ 1925ರವರೆಗೆ ಸತ್ಯಾಗ್ರಹ ನಡೆಯಿತು. ಕೊನೆಗೆ ಮೂರು ದಿಕ್ಕಿನ ರಸ್ತೆ ಬಿಟ್ಟರು, ಪೂರ್ವದ್ದನ್ನು ಬಿಡಲಿಲ್ಲ. ಮುಕ್ಕಾಲು ಕೊಟ್ಟು ಕಾಲು ಭಾಗ ಕೈಯಲ್ಲಿ ಇಟ್ಟುಕೊಳ್ಳುವುದು ಆಳುವವರ ಹಳೆಯ ಚಾಳಿ.

ಸಂವಿಧಾನ ಬಂತು. 15ನೇ ವಿಧಿಯಲ್ಲಿ ಬಾವಿ, ಕೆರೆಗಳ ಜೊತೆ 'ರಸ್ತೆ' ಎಂಬ ಶಬ್ದವೂ ಕೂತಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ರಸ್ತೆ, ಓಡಾಟದ ದಾರಿ ತಡೆಯುವುದನ್ನು ಅಪರಾಧ ಎಂದಿತು. 1989ರ ದೌರ್ಜನ್ಯ ತಡೆ ಕಾಯ್ದೆ ವಾಡಿಕೆಯ ದಾರಿಯ ಹಕ್ಕು ನಿರಾಕರಿಸುವುದನ್ನು ದೌರ್ಜನ್ಯವೆಂದೇ ಕರೆಯಿತು.

ಈಗ ಅಗಸಿಯಲ್ಲಿ ಎದುರಿಗೆ ನಿಂತು ತಡೆಯುವವರು ಕಡಿಮೆ. ತಡೆಯುವ ರೀತಿ ಬೇರೆಯಾಗಿದೆ. ಡಾಂಬರು ರಸ್ತೆ ಕೇರಿಯ ಬಾಯಿಗೆ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ರಾಡಿ ಮೊಳಕಾಲುದ್ದ. ಸಿಮೆಂಟ್ ರಸ್ತೆ ಬಂತು ಅನ್ನಿ, ಹಳೆಯದರ ಮೇಲೆ ಹೊಸದು ಹಾಕುತ್ತಾರೆ, ರಸ್ತೆ ಏರುತ್ತದೆ, ಮನೆ ತಗ್ಗಿಗೆ ಬೀಳುತ್ತದೆ. ಗಟಾರದ ನೀರು ಪಡಸಾಲೆಗೆ. ಗಟಾರದ ಮೇಲೆ ಒಂದು ಚಪ್ಪಡಿ ಕಲ್ಲು, ಅದೇ ಸೇತುವೆ. ಗಟ್ಟಿಕಾಲಿನವರು ಜಿಗಿದು ಹೋಗುತ್ತಾರೆ. ಪೋಲಿಯೋ ಆದ ಮಗಳು, ಮಂಡಿ ಸವೆದ ಮುದುಕಿ, ಕಣ್ಣು ಕಾಣದ ಮುದುಕ ಏನು ಮಾಡಬೇಕು? ಸರ್ಕಾರ ಹಾರ ಹಾಕಿಸಿ ಮೂರು ಗಾಲಿ ಸೈಕಲ್ಲು ಕೊಡುತ್ತದೆ. ಸೈಕಲ್ಲು ಹೋಗುವ ದಾರಿ ಕೊಡುವುದಿಲ್ಲ. ಅರ್ಜಿ ಒಯ್ದರೆ ಗೊತ್ತೇ ಇದೆ: "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ಸೋಮವಾರ ಬರ್ರಿ." ಸೋಮವಾರ: "ಅನುದಾನ ಬಂದಿಲ್ರಿ."

ಅನುದಾನದ ಮಾತು ನೋಡೋಣ. ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಶೇ. 24.10 ಪರಿಶಿಷ್ಟರಿಗೆ, ಶೇ. 5 ಅಂಗವಿಕಲರಿಗೆ ಮೀಸಲಿಡಬೇಕೆಂದು ಸರ್ಕಾರದ ಆದೇಶವಿದೆ. 2013ರಲ್ಲಿ ವಿಶೇಷ ಘಟಕ ಯೋಜನೆಗೇ ಕಾಯ್ದೆ ಬಂತು. ಅದರ 7(ಡಿ) ಕಲಮು ಮಾತ್ರ ಎಲ್ಲರಿಗಾಗಿ ಮಾಡಿದ ಖರ್ಚಿನ ಒಂದು ಪಾಲನ್ನು ಪರಿಶಿಷ್ಟರಿಗೇ ಆಯಿತೆಂದು ಬರೆಯಲು ಬಿಟ್ಟಿತು. ಎಲ್ಲಿಯೋ ಆದ ದೊಡ್ಡ ರಸ್ತೆಯಲ್ಲಿ ನಮ್ಮ ಕೇರಿಯ ಪಾಲು ಕರಗಿತು. ಹೋರಾಟದ ನಂತರ 2023ರಲ್ಲಿ ಆ ಕಲಮು ಹೋಯಿತು.

'ಹಣವಿಲ್ಲ' ಎಂಬುದು ಉತ್ತರವಲ್ಲ ಅಂತ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಮಧ್ಯಪ್ರದೇಶದ ರತ್ಲಾಮಿನಲ್ಲಿ ಓಣಿಯ ಜನ ಗಟಾರದ ಸಲುವಾಗಿ ಮುನಸಿಪಾಲಿಟಿಯನ್ನು ಕೋರ್ಟಿಗೆ ಎಳೆದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಬಡತನದ ನೆಪ ಹೇಳಿ ಮುನಸಿಪಾಲಿಟಿ ಕರ್ತವ್ಯ ತಪ್ಪಿಸಿಕೊಳ್ಳುವಂತಿಲ್ಲ ಎಂದರು. ಹಿಮಾಚಲದ ಬೆಟ್ಟದ ಹಳ್ಳಿಗಳ ದಲಿತರು ಅರ್ಧಕ್ಕೆ ನಿಂತ ರಸ್ತೆಯ ಬಗ್ಗೆ ಹೈಕೋರ್ಟಿಗೆ ಬರೆದದ್ದು ಬರೀ ಒಂದು ಕಾಗದ. 1986ರಲ್ಲಿ ಸುಪ್ರೀಂ ಕೋರ್ಟು, ಅಂಥ ಊರಿಗೆ ರಸ್ತೆ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು.

ಅಂಗವಿಕಲರ ಕಾಯ್ದೆಯ ಇತಿಹಾಸವೂ ಇದೇ ಜಾಡಿನದು. 1995ರ ಕಾಯ್ದೆ ಇಳಿಜಾರು ಕಟ್ಟಿರಿ ಎಂದಿತು; ಜೊತೆಗೆ 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ' ಎಂದೂ ಸೇರಿಸಿತು. ಆ ಮಾತಿನ ಹಿಂದೆ ಕಚೇರಿಗಳು ಇಪ್ಪತ್ತು ವರ್ಷ ಅಡಗಿ ಕೂತವು. 2016ರ ಕಾಯ್ದೆ, ನಿಯಮ ಬಂದ ಐದು ವರ್ಷದೊಳಗೆ ಎಲ್ಲ ಸಾರ್ವಜನಿಕ ಕಟ್ಟಡ ಸರಿಪಡಿಸಬೇಕು ಎಂದಿತು. ನಿಯಮ ಬಂದದ್ದು 2017ರ ಜೂನ್ ತಿಂಗಳು. ಗಡುವು 2022ಕ್ಕೆ ಮುಗಿಯಿತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ನಿಯಮಗಳು ಕಡ್ಡಾಯವನ್ನು ಬರೀ ಸಲಹೆ ಮಾಡಿಬಿಟ್ಟಿವೆ ಎಂದು 15ನೇ ನಿಯಮವನ್ನು ತಳ್ಳಿಹಾಕಿತು. 2025ರ ಮೇ ತಿಂಗಳಲ್ಲಿ, ಅಂಗವಿಕಲರಿಗೂ ಅನುಕೂಲವಾದ ಫುಟ್‌ಪಾತು 21ನೇ ವಿಧಿಯ ಹಕ್ಕು ಎಂದಿತು. ಇದು 1923ರ ಠರಾವಿನ ಕಥೆಯೇ ಅಲ್ಲವೇ?

ಜಾತಿಯ ನೋವೂ ದೇಹದ ನೋವೂ ಒಂದೇ ಅಂತ ನಾವು ಹೇಳುತ್ತಿಲ್ಲ. ಮೇಲೋಣಿಯಲ್ಲಿಯೂ ಕುಂಟುವವರಿದ್ದಾರೆ, ಅವರ ಕಷ್ಟವೂ ಕಷ್ಟವೇ. ಆದರೆ ಅವರ ಮನೆಯ ಮುಂದೆ ರಸ್ತೆಯಾದರೂ ಇದೆ. ಕೇರಿಯ ಅಂಗವಿಕಲೆಗೆ ಎರಡು ಗೋಡೆ. ಒಂದನ್ನು ಮನು ಕಟ್ಟಿದ, ಇನ್ನೊಂದನ್ನು ಕಂತ್ರಾಟುದಾರ ಕಟ್ಟಿದ. ನಮ್ಮ ಚಳವಳಿಯೂ ಮೊದಲನೆಯದನ್ನು ಕಂಡಷ್ಟು ಎರಡನೆಯದನ್ನು ಕಂಡಿಲ್ಲ. ನಾವು ಸಭೆ ಕರೆಯುವ ಎಷ್ಟು ಭವನಗಳಿಗೆ ಇಳಿಜಾರು ಇದೆ?

2018ರಲ್ಲಿ ಚಡಚಣ ತಾಲ್ಲೂಕಾಯಿತು. ಇಂಡಿಗೆ ಅಲೆಯುವುದು ತಪ್ಪಿತು. ಕಚೇರಿ ಹತ್ತಿರ ಬಂದದ್ದು ಒಳ್ಳೆಯದೇ. ಅದರ ಮೆಟ್ಟಿಲು ಹತ್ತಲು ಆಗಬೇಕು.

ಗ್ರಾಮೀಣ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ಒಂದು ಟೇಪು ಹಿಡಿಯಿರಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ನಿಮ್ಮ ಶಾಲೆಯದನ್ನು, ಪಂಚಾಯಿತಿಯದನ್ನು, ದವಾಖಾನೆಯದನ್ನು ಅಳೆಯಿರಿ. ಕೇರಿಯ ಪ್ರತಿ ಹೊಸ್ತಿಲಿಂದ ರಸ್ತೆಗೆ ಎಷ್ಟು ಎತ್ತರ, ಗಟಾರ ಎಷ್ಟು ಅಗಲ ಬರೆದುಕೊಳ್ಳಿರಿ. ಊರ ನಕಾಶೆ ತೆಗೆಸಿರಿ, ಅದರಲ್ಲಿದ್ದ ದಾರಿ ನೆಲದ ಮೇಲೆ ಇದೆಯೇ ನೋಡಿರಿ. ಮಾಹಿತಿ ಹಕ್ಕಿನಲ್ಲಿ ಎಸ್ಟಿಮೇಟು, ಅಳತೆ ಪುಸ್ತಕ ಕೇಳಿರಿ. ಗ್ರಾಮಸಭೆಯಲ್ಲಿ, ವಾರ್ಡು ಸಭೆಯಲ್ಲಿ ಓದಿರಿ, ನಡಾವಳಿಯಲ್ಲಿ ಬರೆಸಿರಿ, ನಕಲು ಪಡೆಯಿರಿ, ಅರ್ಜಿಗೆ ಪೋಚು ತಪ್ಪದೆ ಇಸಿದುಕೊಳ್ಳಿರಿ. ಆ ಅಳತೆಗಳೇ ನಮ್ಮ ಕೇರಿಯ ಬರೆಯದೆ ಉಳಿದ ಇತಿಹಾಸ.

ಮಹಾಡದಲ್ಲಿ ಠರಾವು ಮೂರು ವರ್ಷ ಕಪಾಟಿನಲ್ಲಿ ಮಲಗಿತ್ತು. ಎಬ್ಬಿಸಿದ್ದು ನಡೆದುಹೋದ ಜನ. ಈ ಸಲ ನಡೆಯಲಾರದವರನ್ನು ಮುಂದಿಟ್ಟುಕೊಂಡು ಹೋಗಬೇಕು. ಅವರ ಗಾಲಿ ಎಲ್ಲಿಯವರೆಗೆ ಉರುಳುತ್ತದೋ ಅಲ್ಲಿಯವರೆಗೆ ಮಾತ್ರ ಠರಾವು ಜಾರಿಯಾಗಿದೆ ಎಂದು ತಿಳಿಯೋಣ.