ಗಿಟಾರಿನ ಹಿಂದಿನ ಬೆಂಚಿನವರು

ಬ್ಲೂಸ್ ರಾಕ್ ಅಂದ ತಕ್ಷಣ ಬಾಯಿಗೆ ಬರುವ ಹೆಸರುಗಳು ನಾಲ್ಕೈದೇ. ಎರಿಕ್ ಕ್ಲ್ಯಾಪ್ಟನ್, ಜಿಮಿ ಹೆಂಡ್ರಿಕ್ಸ್, ಜಿಮ್ಮಿ ಪೇಜ್, ಸ್ಟೀವಿ ರೇ ವಾನ್... ನಮ್ಮ ಕಾಲೇಜು ಹುಡುಗರ ಟೀ ಶರ್ಟುಗಳ ಮೇಲೂ ಇವರೇ. ಇವರೆಲ್ಲ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವರು ಕೂತ ಪಂಕ್ತಿಯಲ್ಲೇ ಎಲೆ ಹಾಕಿಸಿಕೊಂಡು ಕೂತು, ಬಡಿಸುವವರು ತಮ್ಮ ಹತ್ತಿರ ಬರುವ ಹೊತ್ತಿಗೆ ಪಾಯಸ ಮುಗಿದುಹೋದವರೂ ಕೆಲವರಿದ್ದಾರೆ. ಅಂಥ ಐವರ ಕತೆ ಇದು. ಪ್ರತಿಭೆ ಇದ್ದರೆ ಅದು ತಾನಾಗಿಯೇ ಬೆಳಕಿಗೆ ಬರುತ್ತದೆ ಅಂತ ನಾವೆಲ್ಲ ಆಗಾಗ ಹೇಳ್ತೀವಲ್ಲ, ಆ ಮಾತು ಎಷ್ಟು ನಿಜ ಅಂತಲೂ ಜೊತೆಜೊತೆಗೇ ನೋಡೋಣ.

ಬ್ಲೂಸ್ ಪರಿಚಯ ಇಲ್ಲದವರಿಗೆ ಎರಡು ಮಾತು. ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕರಿಯ ಜನರ ಹಾಡು ಇದು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಒಂದು ರೂಪ ಪಡೆಯಿತು. ಆಮೇಲೆ ಕೂಲಿ ಹುಡುಕಿಕೊಂಡು ಉತ್ತರದ ಊರುಗಳಿಗೆ ಗುಳೆ ಹೊರಟವರ ಜೊತೆ ಹಾಡೂ ರೈಲು ಹತ್ತಿತು. ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪ್ಪಿಯಿಂದ ಶಿಕಾಗೋಗೆ ಬಂದ. ಪಟ್ಟಣದ ಗದ್ದಲದಲ್ಲಿ ಬರೀ ಮರದ ಗಿಟಾರು ಯಾರಿಗೆ ಕೇಳಿಸಬೇಕು? ಹಾಗಾಗಿ ಗಿಟಾರಿಗೆ ವಿದ್ಯುತ್ ಬಂತು. ಶಿಕಾಗೋದಲ್ಲಿ ಹಾಗೆ ಹುಟ್ಟಿದ ರೆಕಾರ್ಡುಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋದವು, ಅಲ್ಲಿನ ಹುಡುಗರು ಅದನ್ನು ಕೇಳಿ ಹುಚ್ಚರಾದರು. ಬ್ಲೂಸ್ ರಾಕ್ ಹುಟ್ಟಿದ್ದು ಆ ಹುಚ್ಚಿನಿಂದ.

ಇನ್ನು ಸ್ವರದ ವಿಷಯ. ಬ್ಲೂಸ್ ಗಿಟಾರಿನಲ್ಲಿ ಹೆಚ್ಚಾಗಿ ಬಳಕೆಯಾಗುವ ಐದು ಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಬರೆದರೆ ಸ ಗ ಮ ಪ ನಿ, ಅದರಲ್ಲೂ ಗ ಮತ್ತು ನಿ ಕೋಮಲ. ಶುದ್ಧ ಧನ್ಯಾಸಿ ಗೊತ್ತಿದ್ದವರು ಈಗಾಗಲೇ ನಗುತ್ತಿರಬೇಕು! ರಾಗವೇ ಬೇರೆ, ಭಾವವೇ ಬೇರೆ, ಆದರೆ ಸ್ವರಗಳು ಅವೇ. ಅದರ ಮೇಲೆ ತಂತಿಯನ್ನು ಬೆರಳಿನಿಂದ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ವೀಣೆಯಲ್ಲಿ ತಂತಿ ಎಳೆದು ಗಮಕ ನುಡಿಸುವುದನ್ನು ಕೇಳಿದ ಕಿವಿಗೆ ಇದು ಪೂರ್ತಿ ಪರಕೀಯ ಅನಿಸುವುದಿಲ್ಲ.

ಮೊದಲನೆಯವನು ಓಟಿಸ್ ರಷ್. ಈತ ಎಡಚ. ಬಲಗೈಯವರಿಗಾಗಿ ತಂತಿ ಕಟ್ಟಿದ ಗಿಟಾರನ್ನೇ ತಲೆಕೆಳಗಾಗಿ ಹಿಡಿದು ನುಡಿಸುತ್ತಿದ್ದ. ಅಂದರೆ ದಪ್ಪ ತಂತಿ ಕೆಳಗೆ, ಸಣ್ಣ ತಂತಿ ಮೇಲೆ. ಬೇರೆಯವರು ಸಣ್ಣ ತಂತಿಯನ್ನು ಮೇಲಕ್ಕೆ ತಳ್ಳಿ ಸ್ವರ ಬಗ್ಗಿಸಿದರೆ ಇವನು ಕೆಳಕ್ಕೆ ಎಳೆಯುತ್ತಿದ್ದ. ಆ ಎಳೆತದಲ್ಲಿ ಒಂದು ಅಳು ಇದೆ. 1956ರಲ್ಲಿ ಶಿಕಾಗೋದ ಕೋಬ್ರಾ ಅನ್ನುವ ಪುಟ್ಟ ಕಂಪನಿ ಇವನ ಮೊದಲ ರೆಕಾರ್ಡು 'ಐ ಕಾಂಟ್ ಕ್ವಿಟ್ ಯೂ ಬೇಬಿ' ತಂದಿತು. ಹಾಡು ಬರೆದವನು ವಿಲ್ಲಿ ಡಿಕ್ಸನ್. ಹದಿಮೂರು ವರ್ಷದ ನಂತರ, 1969ರಲ್ಲಿ, ಲೆಡ್ ಜೆಪ್ಪೆಲಿನ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಇದೇ ಹಾಡು ನುಡಿಸಿದರು. ಕ್ಲ್ಯಾಪ್ಟನ್‌ನನ್ನು ಕ್ಲ್ಯಾಪ್ಟನ್ ಮಾಡಿದ 1966ರ ಬ್ಲೂಸ್ ಬ್ರೇಕರ್ಸ್ ಆಲ್ಬಮ್ಮಿನ ಮೊದಲ ಹಾಡು 'ಆಲ್ ಯುವರ್ ಲವ್', ಅದೂ ಓಟಿಸ್ ರಷ್‌ನದೇ. ಸ್ಟೀವಿ ರೇ ವಾನ್ ತನ್ನ ಬ್ಯಾಂಡಿಗೆ ಇಟ್ಟ 'ಡಬಲ್ ಟ್ರಬಲ್' ಅನ್ನುವ ಹೆಸರು ಕೂಡ ಓಟಿಸ್‌ನ ಹಾಡೊಂದರದು. ಅಂದರೆ ಟೀ ಶರ್ಟಿನ ಮೇಲಿರುವ ಮೂವರೂ ಇವನ ಮನೆಯಿಂದ ಒಂದೊಂದು ಸೇರು ಅಕ್ಕಿ ಅಳೆದುಕೊಂಡು ಹೋದವರೇ!

ಆದರೆ ಓಟಿಸ್‌ಗೆ ಏನಾಯಿತು? ಕೋಬ್ರಾ ಕಂಪನಿ 1959ರಲ್ಲಿ ಮುಚ್ಚಿತು. 1971ರಲ್ಲಿ ಕ್ಯಾಪಿಟಲ್ ಕಂಪನಿಗಾಗಿ 'ರೈಟ್ ಪ್ಲೇಸ್, ರಾಂಗ್ ಟೈಮ್' ಅನ್ನುವ ಅದ್ಭುತವಾದ ಆಲ್ಬಮ್ ಮಾಡಿದ. ಕಂಪನಿ ಅದನ್ನು ಹೊರಗೆ ತರಲೇ ಇಲ್ಲ. ಐದು ವರ್ಷ ಟೇಪು ಕಪಾಟಿನಲ್ಲಿತ್ತು. ಕೊನೆಗೆ 1976ರಲ್ಲಿ ಬುಲ್‌ಫ್ರಾಗ್ ಅನ್ನುವ ಚಿಕ್ಕ ಕಂಪನಿ ಬಿಡುಗಡೆ ಮಾಡಿತು. ಸರಿಯಾದ ಜಾಗ, ತಪ್ಪು ಸಮಯ ಅಂತ ಆ ಹೆಸರಿನ ಅರ್ಥ. ಅದು ಇಷ್ಟು ಅಕ್ಷರಶಃ ನಿಜವಾಗುತ್ತದೆ ಅಂತ ಯಾರು ಅಂದುಕೊಂಡಿದ್ದರು... ಓಟಿಸ್ 2018ರಲ್ಲಿ ತೀರಿಕೊಂಡ.

ಎರಡನೆಯವನು ಮೈಕ್ ಬ್ಲೂಮ್‌ಫೀಲ್ಡ್. 1943ರಲ್ಲಿ ಶಿಕಾಗೋದ ಸಿರಿವಂತ ಯಹೂದಿ ಮನೆಯಲ್ಲಿ ಹುಟ್ಟಿದ ಬಿಳಿಯ ಹುಡುಗ. ಮೀಸೆ ಚಿಗುರುವ ವಯಸ್ಸಿಗೇ ಊರಿನ ದಕ್ಷಿಣ ಭಾಗದ ಕರಿಯರ ಕ್ಲಬ್ಬುಗಳಿಗೆ ಹೋಗಿ, ದೊಡ್ಡವರ ಪಕ್ಕದಲ್ಲಿ ನಿಂತು ಕಲಿತ. ಆಮೇಲೆ ಸೇರಿದ ಪಾಲ್ ಬಟರ್‌ಫೀಲ್ಡ್ ಬ್ಯಾಂಡಿನಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೇ ನುಡಿಸುತ್ತಿದ್ದರು. 1960ರ ದಶಕದ ಅಮೆರಿಕದಲ್ಲಿ ಅದು ಸಣ್ಣ ಮಾತಲ್ಲ. ಬಾಬ್ ಡಿಲನ್‌ನ 1965ರ 'ಹೈವೇ 61 ರಿವಿಸಿಟೆಡ್' ಆಲ್ಬಮ್ಮಿನ ಗಿಟಾರು ಇವನದು. ಅದೇ ವರ್ಷ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಡಿಲನ್ ವಿದ್ಯುತ್ ಗಿಟಾರ್ ಎತ್ತಿಕೊಂಡು ಕೆಲವರಿಂದ ಬೈಸಿಕೊಂಡನಲ್ಲ, ಆ ವೇದಿಕೆಯ ಮೇಲೆ ಪಕ್ಕದಲ್ಲಿ ಇದ್ದವನೂ ಇವನೇ.

ನಮಗೆ ಹೆಚ್ಚು ಹತ್ತಿರದ್ದು 1966ರ 'ಈಸ್ಟ್-ವೆಸ್ಟ್'. ಹದಿಮೂರು ನಿಮಿಷದ ವಾದ್ಯಸಂಗೀತ. ಆ ಕಾಲಕ್ಕೆ ರಾಕ್ ಹಾಡು ಅಂದರೆ ಮೂರು ನಿಮಿಷ! ರವಿಶಂಕರ್ ಸಿತಾರಿನ ಪ್ರಭಾವ ಇದರಲ್ಲಿ ಎದ್ದು ಕಾಣುತ್ತದೆ. ಕಾರ್ಡುಗಳು ಬದಲಾಗುತ್ತಾ ಹೋಗುವುದಿಲ್ಲ. ಕೆಳಗೆ ಒಂದೇ ಆಧಾರ ಸ್ವರ ಶ್ರುತಿಯಂತೆ ನಿಂತಿರುತ್ತದೆ, ಮೇಲೆ ಗಿಟಾರು ಆಲಾಪ ಮಾಡಿದ ಹಾಗೆ ನಿಧಾನವಾಗಿ ಹರಡುತ್ತಾ ಹೋಗಿ ಕೊನೆಗೆ ವೇಗ ಹಿಡಿಯುತ್ತದೆ. ರಾಗ ಅಂತ ಕರೆದರೆ ನಮ್ಮ ವಿದ್ವಾಂಸರು ಹುಬ್ಬು ಗಂಟಿಕ್ಕಿಯಾರು. ಆದರೆ ಶಿಕಾಗೋದ ಹುಡುಗರು ನಮ್ಮ ಸಂಗೀತಕ್ಕೆ ಕಿವಿಗೊಟ್ಟಿದ್ದರು ಅನ್ನುವುದಕ್ಕೆ ಇದು ಸಾಕ್ಷಿ.

ಖ್ಯಾತಿ ಬ್ಲೂಮ್‌ಫೀಲ್ಡ್‌ಗೆ ಒಗ್ಗಲಿಲ್ಲ. ಡಿಲನ್ ಜೊತೆ ಊರೂರು ಸುತ್ತುವ ಅವಕಾಶ ಬಿಟ್ಟು ಬಟರ್‌ಫೀಲ್ಡ್ ಬ್ಯಾಂಡಿನಲ್ಲೇ ಉಳಿದ. ನಿದ್ರೆ ಬಾರದ ಕಾಯಿಲೆ ಬೇರೆ ಕಾಡುತ್ತಿತ್ತು. 1968ರ 'ಸೂಪರ್ ಸೆಷನ್' ಆಲ್ಬಮ್ಮಿಗೆ ಒಂದು ದಿನ ನುಡಿಸಿ, ಮರುದಿನ ಹೇಳದೆ ಕೇಳದೆ ಮನೆಗೆ ಹೋಗಿಬಿಟ್ಟ. ಹಾಗಾಗಿ ಆ ಆಲ್ಬಮ್ಮಿನ ಒಂದು ಮಗ್ಗುಲಲ್ಲಿ ಇವನು, ಇನ್ನೊಂದು ಮಗ್ಗುಲಲ್ಲಿ ಸ್ಟೀಫನ್ ಸ್ಟಿಲ್ಸ್. ಮಾದಕ ವಸ್ತುಗಳ ಸಹವಾಸವೂ ಇತ್ತು. 1981ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತನ್ನ ಕಾರಿನಲ್ಲೇ ಹೆಣವಾಗಿ ಸಿಕ್ಕ. ವಯಸ್ಸು 37.

ಮೂರನೆಯವನು ಪೀಟರ್ ಗ್ರೀನ್. ಕ್ಲ್ಯಾಪ್ಟನ್ ಬಿಟ್ಟುಹೋದ ಜಾಗಕ್ಕೆ ಜಾನ್ ಮೇಯಾಲ್ ಈತನನ್ನು ತಂದಾಗ ಲಂಡನ್ನಿನಲ್ಲಿ ಎಷ್ಟೋ ಜನ ಮೂಗು ಮುರಿದರು. 1967ರ 'ಎ ಹಾರ್ಡ್ ರೋಡ್' ಆಲ್ಬಮ್ ಬಂದ ಮೇಲೆ ಮೂಗು ಸರಿಹೋಯಿತು! ಅದೇ ವರ್ಷ ತನ್ನದೇ ಬ್ಯಾಂಡು ಕಟ್ಟಿದ. ಅದಕ್ಕೆ ಇಟ್ಟ ಹೆಸರು ನೋಡಿ, ಡ್ರಮ್ ಬಾರಿಸುವ ಮಿಕ್ ಫ್ಲೀಟ್‌ವುಡ್ ಮತ್ತು ಬೇಸ್ ನುಡಿಸುವ ಜಾನ್ ಮೆಕ್‌ವೀ ಇಬ್ಬರನ್ನೂ ಸೇರಿಸಿ 'ಫ್ಲೀಟ್‌ವುಡ್ ಮ್ಯಾಕ್'. ತನ್ನ ಹೆಸರೇ ಇಲ್ಲ. ಮೆಕ್‌ವೀ ಆಗಿನ್ನೂ ಬ್ಯಾಂಡು ಸೇರಿಯೂ ಇರಲಿಲ್ಲ. 'ಬ್ಲ್ಯಾಕ್ ಮ್ಯಾಜಿಕ್ ವುಮನ್' ಅಂದರೆ ಎಲ್ಲರಿಗೂ ನೆನಪಾಗುವವನು ಸಾಂಟಾನಾ. ಆತನ ಬ್ಯಾಂಡು ಅದನ್ನು ನುಡಿಸಿದ್ದು 1970ರಲ್ಲಿ, ಗ್ರೀನ್ ಅದನ್ನು ಬರೆದು ಹಾಡಿದ್ದು 1968ರಲ್ಲಿ.

ಗ್ರೀನ್‌ನ ಗಿಟಾರಿನಲ್ಲಿ ಆರ್ಭಟ ಇಲ್ಲ. ಎರಡು ಸ್ವರಗಳ ನಡುವಿನ ಮೌನಕ್ಕೂ ಬೆಲೆ ಕೊಡುತ್ತಿದ್ದ. 'ಆಲ್ಬಟ್ರಾಸ್' ಕೇಳಿದರೆ ಗೊತ್ತಾಗುತ್ತದೆ. ಹಣ ಬರತೊಡಗಿದಾಗ ಅದನ್ನೆಲ್ಲ ದಾನ ಮಾಡಿಬಿಡೋಣ ಅಂತ ಬ್ಯಾಂಡಿನವರಿಗೆ ಹೇಳಿದ, ಅವರು ಒಪ್ಪಲಿಲ್ಲ. 1970ರ ಮೇ ತಿಂಗಳಲ್ಲಿ ಬ್ಯಾಂಡು ಬಿಟ್ಟ. ಮನಸ್ಸಿನ ಕಾಯಿಲೆ, ಆಸ್ಪತ್ರೆ, ವಿದ್ಯುತ್ ಶಾಕ್ ಚಿಕಿತ್ಸೆ... ಬದುಕು ಚೂರಾಯಿತು. ಅವನಿಲ್ಲದ ಫ್ಲೀಟ್‌ವುಡ್ ಮ್ಯಾಕ್ 1977ರಲ್ಲಿ 'ರೂಮರ್ಸ್' ತಂದು ಕೋಟಿಗಟ್ಟಲೆ ಪ್ರತಿ ಮಾರಿತು. ಅವನ 1959ರ ಲೆಸ್ ಪಾಲ್ ಗಿಟಾರು ತೀರಾ ಕಡಿಮೆ ಬೆಲೆಗೆ ಗ್ಯಾರಿ ಮೂರ್ ಕೈ ಸೇರಿತು. ಮುಂದೆ ಕೈ ಬದಲಾಗುತ್ತಾ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಹತ್ತಿರ ಹೋಯಿತು. ಗ್ರೀನ್ 1990ರ ದಶಕದಲ್ಲಿ ಮತ್ತೆ ನುಡಿಸಲು ಶುರುಮಾಡಿದ್ದೇ ಒಂದು ಪವಾಡ. 2020ರ ಜುಲೈನಲ್ಲಿ ತೀರಿಕೊಂಡ.

ನಾಲ್ಕನೆಯವನು ಐರ್ಲೆಂಡಿನ ರೋರಿ ಗ್ಯಾಲಗರ್. 1963ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ಕಾರ್ಕ್ ನಗರದ ಅಂಗಡಿಯೊಂದರಲ್ಲಿ 100 ಪೌಂಡಿಗೆ ಒಂದು ಸೆಕೆಂಡ್ ಹ್ಯಾಂಡ್ ಸ್ಟ್ರಾಟೋಕಾಸ್ಟರ್ ಗಿಟಾರನ್ನು ಕಂತಿನ ಮೇಲೆ ಕೊಂಡ. ಬದುಕಿರುವವರೆಗೂ ಅದನ್ನು ಬಿಡಲಿಲ್ಲ. ಅವನ ಬೆವರಿಗೆ ಗಿಟಾರಿನ ಬಣ್ಣವೆಲ್ಲ ಕಿತ್ತುಹೋಗಿ ಬರೀ ಮರ ಉಳಿಯಿತು. ಹಾಕುತ್ತಿದ್ದದ್ದು ಚೌಕುಳಿ ಅಂಗಿ. ಸಿಂಗಲ್ ರೆಕಾರ್ಡು ಬಿಡುಗಡೆ ಮಾಡಿ ಅಂದರೆ ಒಲ್ಲೆ ಅನ್ನುತ್ತಿದ್ದ. ರೇಡಿಯೋದಲ್ಲಿ ಹಾಡು ಬರುವುದು ಸಿಂಗಲ್‌ನಿಂದ, ಹೆಸರು ಬರುವುದು ರೇಡಿಯೋದಿಂದ. ಹಾಗಾಗಿ ಹೆಸರು ಅಷ್ಟಕ್ಕಷ್ಟೇ. 1975ರ ಜನವರಿಯಲ್ಲಿ ರೋಲಿಂಗ್ ಸ್ಟೋನ್ಸ್ ಹೊಸ ಗಿಟಾರಿಸ್ಟ್ ಹುಡುಕುತ್ತಾ ಇವನನ್ನು ರೋಟರ್‌ಡ್ಯಾಮ್‌ಗೆ ಕರೆಸಿಕೊಂಡರು. ನುಡಿಸಿದ, ಮಾತು ಮುಗಿಯಲಿಲ್ಲ, ಮೊದಲೇ ಒಪ್ಪಿಕೊಂಡಿದ್ದ ಜಪಾನ್ ಕಾರ್ಯಕ್ರಮಗಳಿಗೆ ಹೊರಟುಹೋದ.

ಆದರೆ ಇವನ ದೊಡ್ಡತನ ಇರುವುದು ಬೆಲ್‌ಫಾಸ್ಟಿನಲ್ಲಿ. 1970ರ ದಶಕದಲ್ಲಿ ಉತ್ತರ ಐರ್ಲೆಂಡಿನಲ್ಲಿ ಬಾಂಬು, ಗುಂಡು ದಿನದ ಸುದ್ದಿ. ಹೊರಗಿನ ಕಲಾವಿದರು ಹೆಚ್ಚಿನವರು ಅತ್ತ ತಲೆ ಹಾಕುತ್ತಿರಲಿಲ್ಲ. ರೋರಿ ಹೋಗುತ್ತಿದ್ದ. ಕ್ಯಾಥೊಲಿಕ್ಕರೂ ಪ್ರೊಟೆಸ್ಟೆಂಟರೂ ಒಂದೇ ಸಭಾಂಗಣದಲ್ಲಿ ಕೂತು ಕೇಳುತ್ತಿದ್ದರು. ಆ ಕಾವು 'ಐರಿಶ್ ಟೂರ್ '74' ಆಲ್ಬಮ್ಮಿನಲ್ಲಿ ಇವತ್ತಿಗೂ ಇದೆ. ಯಕೃತ್ತಿನ ಕಸಿಯಾದ ಮೇಲೆ ಚೇತರಿಸಿಕೊಳ್ಳದೆ 1995ರ ಜೂನ್ 14ರಂದು, 47ನೇ ವಯಸ್ಸಿಗೆ ಸತ್ತ. ಆ ಬಣ್ಣಗೆಟ್ಟ ಗಿಟಾರು 2024ರಲ್ಲಿ ಲಂಡನ್ನಿನ ಹರಾಜಿನಲ್ಲಿ ಲಕ್ಷಗಟ್ಟಲೆ ಪೌಂಡಿಗೆ ಹೋಯಿತು. ಸಮಾಧಾನದ ವಿಷಯ ಅಂದರೆ, ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ಒಪ್ಪಿಸಿದರು.

ಕೊನೆಯವನು ರಾಯ್ ಬುಕಾನನ್. ವಾಷಿಂಗ್ಟನ್ ಸುತ್ತಮುತ್ತಲಿನ ಬಾರುಗಳಲ್ಲಿ ವರ್ಷಗಟ್ಟಲೆ ನುಡಿಸಿದವನು. ನಡುವೆ ಕ್ಷೌರದ ಕೆಲಸವನ್ನೂ ಕಲಿತ. ಕೈಯಲ್ಲಿ 1953ರ ಟೆಲಿಕಾಸ್ಟರ್, ಅದಕ್ಕೆ ಪ್ರೀತಿಯಿಂದ 'ನ್ಯಾನ್ಸಿ' ಅಂತ ಹೆಸರು. ತಂತಿ ಮೀಟಿ, ಸದ್ದಿನ ಗುಂಡಿಯನ್ನು ಕಿರುಬೆರಳಿನಿಂದ ನಿಧಾನ ತಿರುಗಿಸಿದರೆ ಗಿಟಾರು ಪಿಟೀಲಿನ ಹಾಗೆ ಮೊಳಗುತ್ತಿತ್ತು. 1971ರಲ್ಲಿ ಅಮೆರಿಕದ ಸಾರ್ವಜನಿಕ ಟಿವಿ ಇವನ ಬಗ್ಗೆ ಸಾಕ್ಷ್ಯಚಿತ್ರ ತೋರಿಸಿದ ಮೇಲೇ ದೇಶಕ್ಕೆ ಗೊತ್ತಾಗಿದ್ದು. ಜೆಫ್ ಬೆಕ್ 1975ರ ತನ್ನ ಆಲ್ಬಮ್ಮಿನಲ್ಲಿ ಒಂದು ಕೃತಿಯನ್ನು ಇವನಿಗೇ ಅರ್ಪಿಸಿದ. ಕಂಪನಿಗಳು ಹೇಳಿದ ಹಾಗೆ ನುಡಿಸಿ ನುಡಿಸಿ ಬೇಸತ್ತು, 1980ರ ದಶಕದ ಆರಂಭದಲ್ಲಿ ನಾಲ್ಕು ವರ್ಷ ಸ್ಟುಡಿಯೋ ಕಡೆಗೇ ಹೋಗಲಿಲ್ಲ. 1985ರಲ್ಲಿ ಅಲಿಗೇಟರ್ ಕಂಪನಿ ನಿನ್ನಿಷ್ಟದಂತೆ ನುಡಿಸು ಅಂದ ಮೇಲೆ ಮರಳಿದ. 1988ರ ಆಗಸ್ಟಿನಲ್ಲಿ, ಕುಡಿದಿದ್ದಕ್ಕೆ ಪೊಲೀಸರು ಹಿಡಿದುಕೊಂಡು ಹೋದ ರಾತ್ರಿ, ವರ್ಜೀನಿಯಾದ ಜೈಲಿನಲ್ಲಿ ಸತ್ತ. ದಾಖಲೆಯ ಪ್ರಕಾರ ಆತ್ಮಹತ್ಯೆ. ಹತ್ತಿರದವರಲ್ಲಿ ಕೆಲವರು ಅದನ್ನು ಒಪ್ಪಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಐವರಲ್ಲಿ ಯಾರಿಗೆ ಪ್ರತಿಭೆ ಕಡಿಮೆಯಿತ್ತು? ಯಾರಿಗೂ ಇಲ್ಲ. ಒಬ್ಬನ ಟೇಪು ಕಪಾಟಿನಲ್ಲಿ ಕೂತಿತು, ಒಬ್ಬನಿಗೆ ನಿದ್ರೆ ಬರಲಿಲ್ಲ, ಒಬ್ಬನ ಮನಸ್ಸು ಕೈಕೊಟ್ಟಿತು, ಒಬ್ಬ ಮಾರುಕಟ್ಟೆಯ ಷರತ್ತಿಗೆ ಒಪ್ಪಲಿಲ್ಲ, ಒಬ್ಬನಿಗೆ ಬಾರಿನಾಚೆ ಬಾಗಿಲು ತೆರೆಯುವ ಹೊತ್ತಿಗೆ ಮೂವತ್ತು ದಾಟಿತ್ತು. ಇದರಲ್ಲಿ ಓಟಿಸ್ ರಷ್‌ನದು ಬೇರೆ ತೂಕದ ಕತೆ. ಉಳಿದವರು ಸ್ವಲ್ಪವಾದರೂ ತಾವಾಗಿಯೇ ದೂರ ಸರಿದರು ಅನ್ನಬಹುದು. ಅವನು ಎಲ್ಲೂ ಹೋಗಿರಲಿಲ್ಲ, ಶಿಕಾಗೋದಲ್ಲೇ ಇದ್ದ. ಅವನ ಹಾಡು ಬಿಳಿಯ ಹುಡುಗರ ಕೈಯಲ್ಲಿ ಜಗತ್ತು ಸುತ್ತುತ್ತಿದ್ದಾಗ ಅವನ ಸ್ವಂತ ಆಲ್ಬಮ್ಮು ಬೀಗದೊಳಗಿತ್ತು. ಪ್ರತಿಭೆ ತಾನಾಗಿ ಬೆಳಕಿಗೆ ಬರುವುದಿಲ್ಲ, ಯಾರಾದರೂ ದೀಪ ಹಿಡಿಯಬೇಕು. ದೀಪ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಇತಿಹಾಸ ನಿಂತಿರುತ್ತದೆ.

ಈಗ ಹುಡುಕಿದರೆ ಇವರೆಲ್ಲ ಅಂತರ್ಜಾಲದಲ್ಲಿ ಸಿಗುತ್ತಾರೆ. ಹುಡುಕದಿದ್ದರೆ ಮಾತ್ರ ಅದು ಮತ್ತೆ ಅದೇ ನಾಲ್ಕು ಹೆಸರು ತಂದು ಮುಂದಿಡುತ್ತದೆ. ಹೊಸಬರು ಗ್ರೀನ್‌ನ 'ಆಲ್ಬಟ್ರಾಸ್'ನಿಂದ ಶುರುಮಾಡಿ, ಮೂರೇ ನಿಮಿಷ. ಆಮೇಲೆ ರೋರಿಯ 'ಎ ಮಿಲಿಯನ್ ಮೈಲ್ಸ್ ಅವೇ', ಬುಕಾನನ್‌ನ 'ದ ಮೆಸ್ಸಾಯ ವಿಲ್ ಕಮ್ ಅಗೇನ್'. ಪುರುಸೊತ್ತಿರುವ ಭಾನುವಾರ 'ಈಸ್ಟ್-ವೆಸ್ಟ್'. ಕೊನೆಗೆ ದೀಪ ಆರಿಸಿ ಓಟಿಸ್ ರಷ್‌ನ 'ಡಬಲ್ ಟ್ರಬಲ್'. ಕೇಳಿ, ಹೇಗನಿಸಿತು ಹೇಳಿ. ಎಲೆ ಮುಂದೆ ಪಾಯಸಕ್ಕೆ ಕಾಯುತ್ತಿರುವ ಇನ್ನೊಬ್ಬ ಗಿಟಾರಿಸ್ಟ್ ನಿಮಗೆ ಗೊತ್ತಿದ್ದರೆ ಆ ಹೆಸರನ್ನೂ ತಿಳಿಸಿ, ನಾನೂ ಕೇಳ್ತೀನಿ.