ಪೋರ್ ಮಾರ್ಲಿಯ ಮಹಾಪೂರ, ಸಾಂಗ್ಲಿವಾಡಿಯ ಗೋಡೆ

ಮಹಾಪೂರ ಅಂದಕೂಡಲೇ ಸಾಂಗ್ಲಿವಾಡಿಯವರಿಗೆ 2005 ಮತ್ತು 2019, ಈ ಎರಡು ಇಸವಿ ನೆನಪಾಗುತ್ತವೆ. 1929ರಲ್ಲಿ ಕಟ್ಟಿದ ಆಯರ್ವಿನ್ ಪೂಲಿನ ಹತ್ತಿರ ಕೃಷ್ಣೆಯ ನೀರು 45 ಅಡಿಗೆ ಬಂತೆಂದರೆ ಅಪಾಯದ ಮಟ್ಟ. 2019ರ ಆಗಸ್ಟಿನಲ್ಲಿ ಅದು 57 ಅಡಿ ದಾಟಿತು. ಆದರೆ ಅಂಕಿಯೊಂದೇ ಇತಿಹಾಸ ಆಗುವುದಿಲ್ಲ. ನೀರು ಯಾರ ಬಾಗಿಲಿಗೆ ಬಂತು, ನಿಂತ ನೀರಿನ ಬಣ್ಣ ಎಂಥಾದ್ದು, ಜನ ಹೆಂಗ ದಾಟಿದರು ಎಂಬುದನ್ನು ಅಂಕಿ ಹೇಳುವುದಿಲ್ಲ. ಅದನ್ನು ಹೇಳುವ ಒಂದು ಚಿತ್ರವಿದೆ. ಅದು ಫ್ರಾನ್ಸ್ ದೇಶದ್ದು, 1876ರದ್ದು. ಆದರೂ ಹೊಳಿ ದಂಡೆಯ ನಮಗೆ ಅದು ಬೇಗ ತಿಳಿಯುತ್ತದೆ.

ಬರೆದವನು ಆಲ್ಫ್ರೆಡ್ ಸಿಸ್ಲಿ. 1839ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ, ತಂದೆತಾಯಿ ಇಂಗ್ಲೆಂಡಿನವರು. ತಂದೆ ವ್ಯಾಪಾರಸ್ಥ, ಮನೆಯಲ್ಲಿ ಕೊರತೆ ಇರಲಿಲ್ಲ. 1870ರಲ್ಲಿ ಫ್ರಾನ್ಸಿಗೂ ಪ್ರಶ್ಯಾಕ್ಕೂ ಯುದ್ಧ ಆಯಿತು, ತಂದೆಯ ವ್ಯಾಪಾರ ಮುಳುಗಿತು. ಅಲ್ಲಿಂದ ಸಿಸ್ಲಿಗೆ ಹೊಟ್ಟೆಪಾಡಿಗೂ ಕುಂಚವೇ ಗತಿ. ಮೊನೆ, ರೆನ್ವಾರ್ ಇವರೊಡನೆ ಸೇರಿ ಅವನು ಮನೆಯೊಳಗೆ ಕೂಡದೆ ಬಯಲಿನಲ್ಲೇ ನಿಂತು ಚಿತ್ರ ಬರೆಯುತ್ತಿದ್ದ. ತವರದ ಟ್ಯೂಬಿನಲ್ಲಿ ತುಂಬಿದ ಬಣ್ಣ ಆಗಲೇ ಅಂಗಡಿಗೆ ಬಂದಿದ್ದರಿಂದ ಇದು ಸುಲಭವಾಗಿತ್ತು. ಚೀಲದಲ್ಲಿ ಹಾಕಿಕೊಂಡು ಹೊಳಿ ದಂಡೆಗೆ ಹೋಗಬಹುದಿತ್ತು.

1876ರಲ್ಲಿ ಸಿಸ್ಲಿ ಪ್ಯಾರಿಸ್‌ನ ಪಶ್ಚಿಮಕ್ಕೆ ಮಾರ್ಲಿ ಎಂಬ ಊರಲ್ಲಿದ್ದ. ಆ ವರ್ಷ ಸೀನ್ ನದಿ ಉಕ್ಕಿ ಪಕ್ಕದ ಪೋರ್ ಮಾರ್ಲಿಗೆ ನುಗ್ಗಿತು. ಆ ಪೂರದ್ದು ಒಂದಲ್ಲ, ಹಲವು ಚಿತ್ರ ಬರೆದ. ಅದರಲ್ಲಿ ಹೆಚ್ಚು ಹೆಸರಾದದ್ದು 60 ಸೆಂಟಿಮೀಟರ್ ಎತ್ತರ, 81 ಸೆಂಟಿಮೀಟರ್ ಅಗಲದ್ದು. ಎಡಕ್ಕೆ ಮದ್ಯ ಮಾರುವವನ ಮನೆ, ಅದರ ಬುಡಕ್ಕೆ ನೀರು. ಬಾಗಿಲ ಹತ್ತಿರ ದೋಣಿ, ದೋಣಿಯಲ್ಲಿ ಸಣ್ಣ ಸಣ್ಣ ಮನುಷ್ಯರು. ಆಚೆ ಎಲೆ ಇಲ್ಲದ ಮರಗಳು. ಅರ್ಧಕ್ಕಿಂತ ಹೆಚ್ಚು ಜಾಗವನ್ನು ಮೋಡದ ಆಕಾಶವೇ ತುಂಬಿದೆ. ಆ ಆಕಾಶದ ಬೆಳಕೇ ಕೆಳಗೆ ನೀರಿನಲ್ಲೂ ಬಿದ್ದಿದೆ.

ಚಿತ್ರದೊಳಗಿನ ಗುರುತು ಹಿಡಿದು ಓದಿದರೆ ಬಹಳ ತಿಳಿಯುತ್ತದೆ. ಮರ ಬೋಳಾಗಿವೆ ಅಂದರೆ ಚಳಿಗಾಲ ಇನ್ನೂ ಮುಗಿದಿಲ್ಲ. ಸೀನ್‌ನ ದೊಡ್ಡ ಪೂರ ಹೆಚ್ಚಾಗಿ ಚಳಿಗಾಲದ್ದು. ನೀರು ನಿಧಾನ ಏರುತ್ತದೆ, ನಿಧಾನ ಇಳಿಯುತ್ತದೆ. ನಮ್ಮದು ಹಾಗಲ್ಲ. ಸಹ್ಯಾದ್ರಿಯ ಮಳೆ, ಕೊಯ್ನಾದ ನೀರು, ಹರಿಪುರದಲ್ಲಿ ಬಂದು ಕೂಡುವ ವಾರಣಾ, ಇವೆಲ್ಲ ಒಟ್ಟಿಗೆ ಏರಿದರೆ ಮುಂದಕ್ಕೆ ಹೋಗಬೇಕಾದ ಕೃಷ್ಣೆ ಹಿಂದಕ್ಕೆ ಒತ್ತುತ್ತದೆ. ಸಿಸ್ಲಿಯ ದೋಣಿಯವರು ಸಮಾಧಾನದಿಂದ ಇದ್ದಾರೆ. ನಮ್ಮ ಜಿಲ್ಲೆಯ ಬ್ರಹ್ಮನಾಳದಲ್ಲಿ 2019ರ ಆಗಸ್ಟ್ 8ರಂದು ಜೀವ ಉಳಿಸಿಕೊಳ್ಳಲು ದೋಣಿ ಹತ್ತಿದವರೇ ದೋಣಿ ಮಗುಚಿ ತೀರಿಕೊಂಡರು.

ಹಾಗಾದರೆ ಪೂರವನ್ನು ಇಷ್ಟು ಚೆಂದ ಬರೆದದ್ದು ಸರಿಯೇ? ಮನೆ ಕಳಕೊಂಡವರು ಈ ಪ್ರಶ್ನೆ ಕೇಳಿದರೆ ತಪ್ಪಿಲ್ಲ. ಚಿತ್ರದಲ್ಲಿ ಅಳುವವರಿಲ್ಲ, ಸತ್ತ ದನ ಇಲ್ಲ, ರಾಡಿ ಇಲ್ಲ. ಅಷ್ಟರಮಟ್ಟಿಗೆ ಅದು ಪೂರ್ತಿ ಸಾಕ್ಷಿ ಅಲ್ಲ. ಆದರೆ ಸಿಸ್ಲಿ ಸುಳ್ಳನ್ನೂ ಸೇರಿಸಲಿಲ್ಲ. ಹಳೆಯ ಚಿತ್ರಕಾರರು ಪ್ರಳಯ ಬರೆಯುವಾಗ ಸಿಡಿಲು, ದೇವರ ಕೋಪ, ಮುಳುಗುವ ಕೈಗಳನ್ನು ತುಂಬುತ್ತಿದ್ದರು. ಇವನು ಒಂದು ಅಂಗಡಿ, ಅದರ ಹೊಸ್ತಿಲಿನ ನೀರು, ದಿನದ ಕೆಲಸಕ್ಕೆ ಹೊರಟ ಜನ, ಇಷ್ಟನ್ನೇ ಕಂಡಂತೆ ಬರೆದ. ರಾಜರ ಮೆರವಣಿಗೆಗೆ ಮೀಸಲಿದ್ದ ಮರ್ಯಾದೆಯನ್ನು ಒಂದು ಸಣ್ಣ ಊರಿನ ಅಂಗಡಿಗೆ ಕೊಟ್ಟ. ಇದು ದೊಡ್ಡ ಮಾತು.

ಅವನಿಗೆ ಸಿಕ್ಕಿದ್ದೇನು? ಈ ಚಿತ್ರ ಮೊದಲು 180 ಫ್ರಾಂಕಿಗೆ ಹೋಯಿತು. 1899ರ ಜನವರಿಯಲ್ಲಿ ಸಿಸ್ಲಿ ಬಡತನದಲ್ಲೇ ತೀರಿಕೊಂಡ. ಮರುವರ್ಷ ಹರಾಜಿನಲ್ಲಿ ಅದೇ ಚಿತ್ರಕ್ಕೆ 43,000 ಫ್ರಾಂಕ್ ಬಂತು. ಕೊಂಡ ಕಮೊಂದೋ ಎಂಬ ಸಾಹುಕಾರ ಅದನ್ನು ಸರ್ಕಾರಕ್ಕೆ ಬಿಟ್ಟುಹೋದ. ಈಗ ಅದು ಪ್ಯಾರಿಸ್‌ನ ಓರ್ಸೇ ವಸ್ತುಸಂಗ್ರಹಾಲಯದಲ್ಲಿದೆ. ಅದೂ ಸೀನ್ ದಂಡೆಯಲ್ಲೇ ಇರುವ ಹಳೆಯ ರೈಲು ನಿಲ್ದಾಣ. 2016ರಲ್ಲಿ ನದಿ ಏರಿದಾಗ ಅದರ ಬಾಗಿಲನ್ನೂ ಮುಚ್ಚಬೇಕಾಯಿತು.

ಪ್ಯಾರಿಸ್‌ಗೆ ಹೋಗದವರು ಏನು ಮಾಡಬೇಕು? ಪ್ರತಿ ನೋಡಬೇಕು. ಇದು ನಮಗೆ ಹೊಸದಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಛಾಪಖಾನೆ ಹಾಕಿದ ಮೇಲೆ ಅರಮನೆಯ ಲಕ್ಷ್ಮಿ ಸರಸ್ವತಿಯರು ಬಡವರ ದೇವರ ಕೋಣೆಗೂ ಬಂದರು. ಈಗ ಯಂತ್ರ ಕ್ಯಾನ್ವಾಸ್ ಬಟ್ಟೆಯ ಮೇಲೆಯೇ ಶಾಯಿ ಹೊಡೆಯುತ್ತದೆ. ಅದನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದರೆ ಆಯಿತು. ಸಿಸ್ಲಿ ತೀರಿ ನೂರು ವರ್ಷ ದಾಟಿದ್ದರಿಂದ ಅವನ ಚಿತ್ರಕ್ಕೆ ಹಕ್ಕಿನ ತಕರಾರಿಲ್ಲ. ಶಾಲೆಗೆ ಮಾಡಿಸುವವರು ಎರಡು ಮಾತು ನೆನಪಿಡಬೇಕು. ಒಂದು, ಎತ್ತರ ಮೂರು ಪಾಲು ಇದ್ದರೆ ಅಗಲ ನಾಲ್ಕು ಪಾಲು ಇರಲಿ. ಗೋಡೆಗೆ ಹೊಂದಲೆಂದು ಎಳೆದರೆ ಮನೆ ಕುಳ್ಳಾಗುತ್ತದೆ, ಕತ್ತರಿಸಿದರೆ ಆಕಾಶ ಹೋಗುತ್ತದೆ. ಎರಡು, ಬಣ್ಣ ಹೊಳೆಯಲೆಂದು ನೀರನ್ನು ಅಚ್ಚ ನೀಲಿ ಮಾಡಿಸಬಾರದು. ಅದು ಮೋಡದ ಕೆಳಗಿನ ಪೂರದ ನೀರು. ಎಷ್ಟು ಒಳ್ಳೆಯ ಪ್ರತಿಯಾದರೂ ಕುಂಚದ ದಪ್ಪ ಬಣ್ಣ ಅದರಲ್ಲಿ ಕೈಗೆ ಹತ್ತುವುದಿಲ್ಲ. ಎರಡು ಮಾರು ದೂರ ನಿಂತು ನೋಡ್ರಿ, ಬೆಳಕು ಮಾತ್ರ ಸಿಗುತ್ತದೆ.

ಹೊಳಿ ದಂಡೆಯನ್ನು ಬರೆದವರು ನಮ್ಮ ಕಡೆಯೂ ಇದ್ದರು. ಶಾಹೂ ಮಹಾರಾಜರ ಆಸ್ಥಾನದ ಚಿತ್ರಕಾರ ಆಬಾಲಾಲ್ ರಹಿಮಾನ್ ಕೊಲ್ಹಾಪುರದ ಕೆರೆ, ಪಂಚಗಂಗೆಯ ದಂಡೆ ಬರೆದ. ಆ ಪಂಚಗಂಗೆ ನರಸೋಬಾವಾಡಿಯಲ್ಲಿ ನಮ್ಮ ಕೃಷ್ಣೆಯನ್ನೇ ಸೇರುತ್ತದೆ. ಆದರೆ 2019ರ ನಮ್ಮ ಓಣಿಗಳು ಹೆಚ್ಚಾಗಿ ಮೊಬೈಲಿನಲ್ಲಿ ಉಳಿದಿವೆ. ಮೊಬೈಲ್ ಕೆಟ್ಟರೆ ಅವೂ ಹೋದವು. ನೀರು ನಿಂತ ಗೆರೆಯ ಮೇಲೆ ಸುಣ್ಣ ಬಳಿದರೆ ಗೋಡೆಗೂ ನೆನಪಿರುವುದಿಲ್ಲ, ಮತ್ತೆ ಅದೇ ತಗ್ಗಿನಲ್ಲಿ ಮನೆ ಏಳುತ್ತದೆ. ಪೋರ್ ಮಾರ್ಲಿಯ ಒಂದು ಅಂಗಡಿಯ ಹೊಸ್ತಿಲಿಗೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಇಂದಿಗೂ ತೋರಿಸಲು ಬರುತ್ತದೆ, ಯಾಕೆಂದರೆ ಒಬ್ಬ ನಿಂತು ನೋಡಿ ಬರೆದಿಟ್ಟ. ಗುರುಗಳು ಈ ಪ್ರತಿಯನ್ನು ಮಕ್ಕಳಿಗೆ ತೋರಿಸಿದ ಮೇಲೆ ಒಂದು ಕೆಲಸ ಹಚ್ಚಲಿ: ಪ್ರತಿಯೊಬ್ಬರೂ ಮನೆಯ ಹಿರಿಯರನ್ನು ಕೇಳಿ, ತಮ್ಮ ಬಾಗಿಲಿಗೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಬರೆದು ತರಲಿ.