ಕಾವಲಿನ ವೀರ: ಜನರಲ್ ತಿಮ್ಮಯ್ಯ

ತುರುಗಾಳಗದ ವೀರಗಲ್ಲುಗಳನ್ನು ಕುರಿತು ಪಾಠ ಹೇಳುವಾಗ ನಾನು ವಿದ್ಯಾರ್ಥಿಗಳಿಗೆ ಒಂದು ಮಾತನ್ನು ನೆನಪಿಸುತ್ತಿದ್ದೆ: ಆ ಕಲ್ಲುಗಳು ನಾಡನ್ನು ಗೆದ್ದವರವಲ್ಲ, ಊರ ದನಗಳನ್ನು ಕಾಯ್ದು ಮಡಿದವರವು. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಬಾಳನ್ನು ನೆನೆದಾಗಲೆಲ್ಲ ನನಗೆ ಈ ಮಾತೇ ಮರಳಿ ಬರುತ್ತದೆ.

1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಹುಟ್ಟಿದ ಅವರು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಸೈನಿಕ ಶಿಕ್ಷಣ ಪಡೆದರು. ಎರಡನೆಯ ಮಹಾಯುದ್ಧದಲ್ಲಿ, ಬರ್ಮಾದ ಅರಕಾನಿನಲ್ಲಿ, ಯುದ್ಧಭೂಮಿಯಲ್ಲಿ ಬ್ರಿಗೇಡನ್ನು ನಡೆಸಿದ ಮೊದಲ ಭಾರತೀಯರೆಂಬ ಕೀರ್ತಿ ಅವರದಾಯಿತು. 1948ರ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆದಾರಿಗೆ ಟ್ಯಾಂಕುಗಳನ್ನೇರಿಸಿ ಶತ್ರುವನ್ನು ಬೆರಗುಗೊಳಿಸಿದ್ದೂ, ಲಡಾಖಿನ ಹಾದಿಯನ್ನು ತೆರೆದದ್ದೂ ಅವರ ನೇತೃತ್ವದಲ್ಲಿಯೇ.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಕೊರಿಯಾದ ತಿಮ್ಮಯ್ಯನವರು. 1953ರ ಕದನವಿರಾಮದ ಬಳಿಕ, ತಾಯ್ನಾಡಿಗೆ ಮರಳಲೊಲ್ಲದ ಯುದ್ಧಕೈದಿಗಳ ಹೊಣೆ ಐದು ತಟಸ್ಥ ರಾಷ್ಟ್ರಗಳ ಆಯೋಗದ ಮೇಲೆ ಬಿತ್ತು. ಅದರ ಅಧ್ಯಕ್ಷರು ಇವರು. ಕೈದಿಗಳು ಇಪ್ಪತ್ತೆರಡು ಸಾವಿರಕ್ಕೂ ಮಿಗಿಲು. ಒಂದು ಪಕ್ಷ ಇವರನ್ನು ಕಳುಹಿಸಿಕೊಡಿರೆಂದಿತು, ಇನ್ನೊಂದು ಬಿಟ್ಟುಬಿಡಿರೆಂದಿತು. ಆಯೋಗದೊಳಗೂ ಒಮ್ಮತವಿರಲಿಲ್ಲ. ಯಾರನ್ನೂ ಬಲವಂತವಾಗಿ ಅಟ್ಟಬಾರದು, ಒಪ್ಪಂದದ ಗೆರೆಯನ್ನೂ ದಾಟಬಾರದು. ಕೊನೆಗೆ 1954ರ ಜನವರಿಯಲ್ಲಿ ಕೈದಿಗಳನ್ನು, ಮೊದಲು ಅವರನ್ನು ಹಿಡಿದಿಟ್ಟಿದ್ದ ಪಕ್ಷಗಳಿಗೇ ಒಪ್ಪಿಸಲಾಯಿತು. ಎರಡು ಕಡೆಯವರೂ ಮುನಿದರು. ಕಾವಲುಗಾರನಿಗೆ ಸಲ್ಲುವ ಸಂಬಳ ಬಹುಶಃ ಇದೇ.

1957ರಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್‌ರೊಡನೆ ಬಿರುಕು ಮೂಡಿ ರಾಜೀನಾಮೆ ಕೊಟ್ಟರು. ನೆಹರೂ ಅವರ ಮಾತಿಗೆ ಓಗೊಟ್ಟು ಹಿಂದೆಗೆದುಕೊಂಡರು. ಅಚಲವಾಗಿ ನಿಲ್ಲಬೇಕಿತ್ತೆಂದು ಹಲವರು ಹಳಿಯುತ್ತಾರೆ. ನನಗೂ ಒಮ್ಮೆ ಹಾಗೆಯೇ ತೋರಿತ್ತು. ಸೇನಾಪತಿ ತನ್ನ ಅಭಿಮಾನಕ್ಕಿಂತ ಚುನಾಯಿತ ಸರ್ಕಾರದ ಮಾತನ್ನು ಮೇಲಾಗಿ ಎಣಿಸಿದ್ದು ನಾಡಿಗೆ ಒಳಿತೇ ಆಯಿತೆಂದು ಈ ವಯಸ್ಸಿನಲ್ಲಿ ತೋರುತ್ತದೆ.

1961ರಲ್ಲಿ ನಿವೃತ್ತರಾದವರು ಮನೆಯಂಗಳದಲ್ಲಿ ವಿಶ್ರಮಿಸಬಹುದಿತ್ತು. 1964ರಲ್ಲಿ ವಿಶ್ವಸಂಸ್ಥೆಯ ಕರೆಗೆ ಓಗೊಟ್ಟು, ಗ್ರೀಕರೂ ತುರ್ಕರೂ ಹೊಡೆದಾಡುತ್ತಿದ್ದ ಸೈಪ್ರಸ್ ದ್ವೀಪದ ಶಾಂತಿಪಡೆಯ ದಂಡನಾಯಕರಾದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ, ಕರ್ತವ್ಯದಲ್ಲಿರುವಾಗಲೇ, ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಮರುವರ್ಷ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಗೆ ಹೋಗುವವರು ಜೋಜಿಲಾದ ಗೆಲುವನ್ನು ನೆನೆಯಲಿ. ಜತೆಗೆ, ತನ್ನದಲ್ಲದ ಊರಿನ ನೆಮ್ಮದಿಯನ್ನು ಕಾಯುತ್ತ ಮಡಿದ ಆ ಕಾವಲುಗಾರನನ್ನೂ ನೆನೆಯಲಿ. ನಮ್ಮ ಹಿರಿಯರಾಗಿದ್ದರೆ ಅಂಥವನಿಗೂ ಒಂದು ಕಲ್ಲು ನಿಲ್ಲಿಸುತ್ತಿದ್ದರು.